ಕವಲಿನ ಕೆಂಪು ಕಂಬ

"ಕಂಬದ ತಲೆ ನೋಡ್ಬೇಡಿ ಮೇಡಂ. ಬುಡ ನೋಡಿ."

ಹೊಲಿಗೆ ಯಂತ್ರ ನಿಲ್ಲಿಸದೆಯೇ ಅವಳು ಹೇಳಿದಳು. ಸೂಜಿಯ ಕೆಳಗೆ ದಪ್ಪ ಕ್ಯಾನ್ವಾಸ್ ಸರಿಯುತ್ತಿತ್ತು. ಯಾರದೋ ಗಾಡಿಯ ಸೀಟಿಗೆ ಹೊದಿಕೆ. ಗಂಡ ಸತ್ತು ವಾರ ತುಂಬುವ ಮುಂಚೆಯೇ ಹೊಲಿಯಲು ಕೂತಳಲ್ಲ ಎಂದು ಬೀದಿಯವರು ಆಡಿಕೊಂಡಿದ್ದರು. ಕೂರದಿದ್ದರೆ ಅವಳ ಕಣ್ಣು ಬಾಗಿಲಿಗೇ ಹೋಗುತ್ತದೆ ಎಂಬುದು ಬೀದಿಯವರಿಗೆ ಗೊತ್ತಿರಲಿಲ್ಲ.

ಅವಳ ಗಂಡನನ್ನು ಎಲ್ಲರೂ ದಾರಿಯಣ್ಣ ಎನ್ನುತ್ತಿದ್ದರು. ತಾನೇ ಮುಚ್ಚಿಸಿದ ದಾರಿಯಲ್ಲಿ, ತಾನೇ ನೆಟ್ಟ ಕೆಂಪು ಫಲಕವನ್ನು ದಾಟಿ ಹೋಗಿ, ಜೀಪಿನ ಸಮೇತ ಪಾಳುಬಿದ್ದ ಕಲ್ಲುಗಣಿಗೆ ಉರುಳಿ ಅವನು ಸತ್ತಿದ್ದ.

"ಬುಡದಲ್ಲಿ ಏನಿದೆ?" ತನಿಖಾಧಿಕಾರಿ ಕೇಳಿದಳು.

"ನಂಗೇನು ಗೊತ್ತು? ಮಣ್ಣು ಓದೋರು ನೀವು."

ಪೊಲೀಸ್ ಕೆಲಸಕ್ಕೆ ಸೇರುವ ಮುಂಚೆ ತನಿಖಾಧಿಕಾರಿ ಓದಿದ್ದು ಮಣ್ಣಿನ ಶಾಸ್ತ್ರ. ಠಾಣೆಯಲ್ಲಿ ಬೆನ್ನ ಹಿಂದೆ ಅವಳನ್ನು ಮಣ್ಣು ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಅಂದದ್ದು ಎದುರಿಗೂ ಕೇಳಿಸುತ್ತಿತ್ತು. ಅವಳಿಗೆ ಬೇಸರವೇನೂ ಇರಲಿಲ್ಲ.

"ಇವತ್ತು ಸಂಜೆ ಅರಣ್ಯಾಧಿಕಾರಿ ವರದಿಗೆ ಸಹಿ ಹಾಕ್ತಾರೆ," ಎಂದಳು. "ನಿಷೇಧಿತ ದಾರಿಗೆ ನುಗ್ಗಿ ಸತ್ತ ಅಂತ. ಅದಾದ ಮೇಲೆ ಎಲ್ಲ ದಾರಿನೂ ಮುಚ್ಚಿಸ್ತಾರಂತೆ. ಮೊದ್ಲಿಂದ್ಲೂ ಅವರಿಗೆ ಅದೇ ಬೇಕಿತ್ತು."

ಯಂತ್ರ ನಿಂತಿತು.

"ದಾರಿ ಹಾಳಾಗಿ ಹೋಗ್ಲಿ. ನಮ್ಮನೆಯವರ ಹೆಸರು?" ಅವಳು ತಲೆ ಎತ್ತಿದಳು. "ಬೇಲಿನೇ ಎದ್ದು ಹೊಲ ಮೇಯ್ತು ಅಂತಾರೆ ಮೇಡಂ. ನಮ್ಮ ಅಂಗಡಿ ಬಾಗಿಲಲ್ಲೇ ನಿಂತು ಅಂತಾರೆ. ಅವರು ಕಳ್ಳದಾರಿ ಹಿಡಿಯೋರಲ್ಲ. ಅದೊಂದು ಮಾತು ಕಾಗದದ ಮೇಲೆ ಬರ್ಲಿ, ಸಾಕು."

ಹಳ್ಳಕೊಳ್ಳ, ಕಲ್ಲು, ಕೆಸರಿನಲ್ಲಿ ಗಾಡಿ ಓಡಿಸುವ ಚಪಲ ಇದ್ದವರು ದೂರದೂರದಿಂದ ದಾರಿಯಣ್ಣನನ್ನು ಹುಡುಕಿಕೊಂಡು ಬರುತ್ತಿದ್ದರು. "ಅಣ್ಣಾ, ಎಲ್ಲಿ ಓಡಿಸ್ಬಹುದು?" ಎಂದು ಕೇಳಿದರೆ, "ಎಲ್ಲಿ ಓಡಿಸಬಾರದು ಅಂತ ಮೊದ್ಲು ಕೇಳು," ಎನ್ನುತ್ತಿದ್ದ. ಯಾವ ದಾರಿ ಸರ್ಕಾರದ್ದು, ಯಾವುದು ಖಾಸಗಿ ಜಮೀನಿನದು, ಯಾವುದರಲ್ಲಿ ಹಕ್ಕಿ ಮೊಟ್ಟೆಯಿಡುವ ಕಾಲಕ್ಕೆ ಗಾಲಿ ಇಳಿಯಬಾರದು ಎಂದು ಕಚೇರಿಯಿಂದ ಕಚೇರಿಗೆ ಅಲೆದು ತಿಳಿದುಕೊಳ್ಳುತ್ತಿದ್ದ. ಜಮೀನಿನವರ ಮನೆ ಬಾಗಿಲಲ್ಲಿ ನಿಂತು ಒಪ್ಪಿಗೆ ಕೇಳುತ್ತಿದ್ದ. ಆಮೇಲೆ ಕಂಬ ನೆಡುತ್ತಿದ್ದ: ಹೋಗಬಹುದಾದ ದಾರಿಗೆ ಹಸಿರು ಪಟ್ಟಿಯದು, ಹೋಗಬಾರದ್ದಕ್ಕೆ ಕೆಂಪು ಪಟ್ಟಿಯದು.

"ಮನೇಲೂ ಅದೇ ನಿಯಮಾನಾ?" ತನಿಖಾಧಿಕಾರಿ ಮೆಲ್ಲಗೆ ಕೇಳಿದಳು.

ಅವಳ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು. "ಸಂತೆಗೆ ಹೋದ್ರೂ ತಿರುವಲ್ಲಿ ನಿಂತು ನಾನು ಕಾಣೋ ತನಕ ಕಾಯೋರು. ಹೊಸದಾಗಿ ಮದುವೆಯಾದಾಗ ಪ್ರೀತಿ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ರೂಲು ಅಂತ. ಹಿಂದಿನ ಗಾಡಿ ಕಾಣೋ ತನಕ ತಿರುವು ಬಿಡಬಾರದು. ಬಂದ ಗುರುತು ಉಳಿಸಬಾರದು. ಫಲಕ ನೋಡಿ ಅನುಮಾನ ಬಂದ್ರೆ ಅವತ್ತು ಓಟ ಇಲ್ಲ, ಎಲ್ಲಾರೂ ವಾಪಸ್."

ಯಂತ್ರದ ಪಕ್ಕದಲ್ಲಿ ಮಾತ್ರೆಯ ಹಾಳೆ ಬಿದ್ದಿತ್ತು. ಅರ್ಧ ಖಾಲಿ.

"ಅವರ ಎದೆಗೆ ಡಾಕ್ಟ್ರು ಕೊಟ್ಟಿದ್ದು," ಎಂದಳು ಅವಳು, ತನಿಖಾಧಿಕಾರಿಯ ನೋಟವನ್ನು ಗಮನಿಸಿ. "ಒಂದು ತಿಂಗಳು ಗಾಡಿ ಮುಟ್ಟಬೇಡ ಅಂದಿದ್ರು. ಅರ್ಧ ಮಾತ್ರೆ ನುಂಗಿದ್ರು, ಅರ್ಧ ನಂಗೆ ಬಿಟ್ಟು ಹೋದ್ರು."

ಹಿತ್ತಲಲ್ಲಿ ಇನ್ನೂ ನೆಡದ ಕಂಬಗಳ ರಾಶಿ ಇತ್ತು. ಅದನ್ನು ನೋಡಲು ಹೋದ ತನಿಖಾಧಿಕಾರಿಯ ಕಣ್ಣು ಬಟ್ಟೆ ಒಣಹಾಕುವ ತಂತಿಯ ಕಂಬದ ಮೇಲೆ ನಿಂತಿತು. ಅದರ ಬುಡಕ್ಕೆ ಒಂದು ಬೆಣೆಕಲ್ಲು ಜಡಿದಿತ್ತು. ಕಲ್ಲಿಗೆ ಕ್ಯಾನ್ವಾಸ್ ಪಟ್ಟಿ ಸುತ್ತಿತ್ತು; ಪಟ್ಟಿಯ ಅಂಚನ್ನು ಮಡಿಸಿ ಎರಡು ಸಾಲು ಹೊಲಿದಿತ್ತು. ಚಿಂದಿ ಬಟ್ಟೆಗೂ ಇಷ್ಟು ಮರ್ಯಾದೆಯೇ ಎನಿಸಿತು ಅವಳಿಗೆ.

"ಬರೀ ಕಲ್ಲು ಮರಾನ ಕಚ್ಚುತ್ತೆ, ಅಲ್ಲಿಂದ ಕೊಳೆಯುತ್ತೆ," ಹಿಂದಿನಿಂದ ಅವಳು ಹೇಳಿದಳು. "ಅದು ನಾನು ನೆಟ್ಟಿದ್ದು. ಅವರು ನೆಟ್ಟಿದ್ದು ಗಾಳಿಗೆ ವಾಲ್ತಿತ್ತು."

*

ದಾರಿ ತೋರಿಸಲು ಜೊತೆಗೆ ಬಂದವನು ದಾರಿಯಣ್ಣನ ಹೆಂಡತಿಯ ತಮ್ಮ. ಸಾಲಾಗಿ ಹೊರಟ ಗಾಡಿಗಳಲ್ಲಿ ಯಾವಾಗಲೂ ಕೊನೆಯದು ಅವನದು. ಕೆಟ್ಟು ನಿಂತವರನ್ನು, ಕೆಸರಲ್ಲಿ ಹೂತವರನ್ನು ಎತ್ತಿಕೊಂಡು ಬರುವ ಕೆಲಸ. ಅದಕ್ಕೇ ಬಾಲಂಗೋಚಿ ಎಂದು ಹೆಸರು ಬಿದ್ದಿತ್ತು. ದಾರಿಯಣ್ಣ ಸತ್ತ ಬೆಳಿಗ್ಗೆ ತಾನು ಜ್ವರ ಬಂದು ಮಲಗಿದ್ದೆ, ಭಾವ ಒಬ್ಬರೇ ಹೋಗಿದ್ದರು ಎಂದು ಅವನು ಹೇಳಿಕೆ ಕೊಟ್ಟಿದ್ದ.

ಹುಲ್ಲುಗಾವಲಿನ ಗೇಟಿನ ಬಳಿ ಅವನು ಜೀಪು ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಇಳಿಸಿದ. ಬಿಚ್ಚಿದ ಮುಚ್ಚಳಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಗಾಳಿ ಯಾಕೆ ತೆಗೀತೀಯ?"

"ಮೆತ್ತಗಾದ್ರೆ ಟೈರು ನೆಲಾನ ತಬ್ಕೊಂಡು ಹೋಗುತ್ತೆ ಮೇಡಂ. ಇಲ್ಲಾಂದ್ರೆ ನೆಲಾನ ಕೆರೆಯುತ್ತೆ. ಸದ್ದಲ್ಲೇ ಗೊತ್ತಾಗುತ್ತೆ. ಗಾಳಿ ಇಳಿಸ್ದೆ ಬಂದವನ ಗಾಡಿ ಕಲ್ಲಿನ ಮೇಲೆ ತಗಡು ಬಡಿದ ಹಾಗೆ ಬರುತ್ತೆ."

ಗೇಟಿನಾಚೆ ಒಬ್ಬ ಮುದುಕ ಕೋಲೂರಿ ನಿಂತಿದ್ದ. ಹುಲ್ಲುಗಾವಲು ಅವನದು, ಒಳಗೆ ಹೋಗುವ ದಾರಿಗೆ ಒಪ್ಪಿಗೆ ಕೊಟ್ಟವನೂ ಅವನೇ.

"ಇನ್ನೂ ಮುಗೀಲಿಲ್ವಾ ನಿಮ್ಮ ತಿರುಗಾಟ?" ಎಂದ. "ಒಬ್ಬ ಸತ್ತಿದ್ದು ಸಾಲ್ದಾ?"

"ದಾರಿಯಣ್ಣನ ಮೇಲೆ ನಿಮಗೆ ಸಿಟ್ಟಿತ್ತಾ ಅಜ್ಜ?"

"ಅವನ ಮೇಲೆ ಯಾಕಮ್ಮ ಸಿಟ್ಟು? ನನ್ನ ಕುರಿ ತಪ್ಪಿಸ್ಕೊಂಡ್ರೂ ಹುಡುಕಿ ತಂದು ಕಟ್ಟಿ ಹೋಗೋನು. ಅವನ ಹಿಂದೆ ಬರೋ ಶೋಕಿಲಾಲರ ಮೇಲೆ ಸಿಟ್ಟು. ಕಂಬ ನೆಟ್ಟವನೇ ಕಂಬ ದಾಟಿ ಹೋದ್ನಲ್ಲ, ಇನ್ನು ಯಾರನ್ನ ನಂಬೋದು ಹೇಳು." ಮುದುಕ ಗೇಟು ತೆರೆದ. "ನಾಳೆಯಿಂದ ಬೀಗ."

ಬಾಲಂಗೋಚಿ ಮುದುಕನ ಮುಖ ನೋಡದೆ ಜೀಪನ್ನು ಗೇಟಿನೊಳಗೆ ಬಿಟ್ಟ.

ಕವಲು ಗೇಟಿನಿಂದ ಬಹಳ ದೂರವಿರಲಿಲ್ಲ. ಬಲಕ್ಕೆ ಹೋದರೆ ಹುಲ್ಲುಗಾವಲು, ಅಲ್ಲಿ ಹಸಿರು ಕಂಬ. ಎಡಕ್ಕೆ ಹೋದರೆ ಕಲ್ಲುಗಣಿಯ ಅಂಚು, ಅಲ್ಲಿ ಕೆಂಪು ಕಂಬ. ಎರಡೂ ಇರಬೇಕಾದ ಜಾಗದಲ್ಲೇ ಇದ್ದವು. ಮೊದಲ ದಿನ ಬಂದ ಪೊಲೀಸರು ನೋಡಿದ್ದೂ ಹೀಗೆಯೇ.

ತನಿಖಾಧಿಕಾರಿ ಮಂಡಿಯೂರಿದಳು.

ಹಸಿರು ಕಂಬದ ಬುಡದ ಹುಲ್ಲು ಬಾಡಿರಲಿಲ್ಲ. ಆದರೆ ಬೆರಳಾಡಿಸಿದಾಗ ಚೌಕಾಕಾರದ ಒಂದು ಗೆರೆ ಸಿಕ್ಕಿತು. ಯಾರೋ ಹುಲ್ಲನ್ನು ಬೇರು ಸಮೇತ ಹೆಂಟೆಯಾಗಿ ಕತ್ತರಿಸಿ ಎತ್ತಿ, ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ಕೂರಿಸಿ, ನೀರು ಚಿಮುಕಿಸಿ ಹೋಗಿದ್ದರು. ಕೆಂಪು ಕಂಬದ ಬುಡದಲ್ಲೂ ಅದೇ.

ಅವಳು ಎದ್ದು ಕಂಬಗಳ ಸುತ್ತ ಬಂದಳು. ವರ್ಷಗಟ್ಟಲೆ ಬಿಸಿಲು ಬಿದ್ದ ಮಗ್ಗುಲು ಬೆಳ್ಳಗೆ ಮಾಸುತ್ತದೆ, ನೆರಳಿನ ಮಗ್ಗುಲಲ್ಲಿ ಪಾಚಿ ಕಟ್ಟುತ್ತದೆ. ಹಸಿರು ಕಂಬದ ಪಾಚಿ ಈಗ ಬಿಸಿಲಿಗೆ ಒಣಗಿ ಉದುರುತ್ತಿತ್ತು. ಮಾಸಿದ ಮಗ್ಗುಲು ಪೊದೆಯ ನೆರಳಿಗೆ ತಿರುಗಿತ್ತು.

"ಎರಡನ್ನೂ ಕಿತ್ತು ಮತ್ತೆ ನೆಟ್ಟಿದ್ದಾರೆ," ಎಂದಳು. "ಇತ್ತೀಚೆಗೆ. ಫಲಕ ಎರಡೂ ಮುಖಕ್ಕೆ ಒಂದೇ ಥರ ಇದೆ, ನೆಟ್ಟವರಿಗೆ ಬಿಸಿಲಿನ ಮಗ್ಗುಲು ನೆನಪಾಗಿಲ್ಲ."

ಬಾಲಂಗೋಚಿ ಜೀಪಿಗೆ ಒರಗಿದ್ದವನು ನೆಟ್ಟಗಾದ. "ಗೇಟಿನ ಅಜ್ಜ ಇರಬಹುದು ಮೇಡಂ."

"ಅಜ್ಜ ಆಗಿದ್ರೆ ಕಾಲಲ್ಲಿ ತುಳಿದು ಹೋಗಿರೋರು. ಹುಲ್ಲಿಗೆ ನೀರು ಚಿಮುಕಿಸೋ ಕಳ್ಳ ಯಾರಪ್ಪ?"

ಅವಳು ಎಡದ ದಾರಿಯಲ್ಲಿ ನಡೆದಳು. ಅವನು ಹಿಂದೆಯೇ ಬಂದ, ಒಲ್ಲದ ಕಾಲಿನಲ್ಲಿ. ಗಣಿಯ ಅಂಚಿಗೆ ಸ್ವಲ್ಪ ಮುಂಚೆ ದಾರಿ ಅಗಲವಾಗುತ್ತಿತ್ತು. ಅಲ್ಲಿ ಕೆಂಪು ಜೇಡಿಮಣ್ಣು. ಕುಸಿದುಹೋದ ಅಂಚು ಕಚ್ಚಿ ತಿಂದ ಹಾಗಿತ್ತು. ಅದರ ಈಚೆ, ಅಂಗೈಯಿಂದ ಒತ್ತಿದರೆ ಎರಡು ಪಟ್ಟಿ ನೆಲ ಉಳಿದದ್ದಕ್ಕಿಂತ ಮೆತ್ತಗೆ ತಗ್ಗುತ್ತಿತ್ತು. ಗಾಲಿ ಹೂತು ಕೊರೆದ ಗುಂಡಿಗಳು; ಯಾರೋ ಸಲಿಕೆಯಿಂದ ಮುಚ್ಚಿದ್ದರು.

"ಗಣಿಯಿಂದ ಎತ್ತಿದ ಜೀಪಿನ ಮುಂದಿನ ಸೀಟಿನ ಕೆಳಗೆ ನಿನ್ನ ಭಾವನ ಸಲಿಕೆ ಇತ್ತು," ಎಂದಳು ತನಿಖಾಧಿಕಾರಿ. "ಅದರ ಅಲಗಿಗೆ ಒಣಗಿ ಅಂಟಿದ್ದು ಇದೇ ಮಣ್ಣು. ಬೀಳೋ ಮುಂಚೆ ಅವರು ಇಲ್ಲಿ ನಿಂತು ಗುಂಡಿ ಮುಚ್ಚಿದ್ದಾರೆ. ನಾನು ವಾರವೆಲ್ಲ ಯೋಚಿಸಿದ್ದು ಒಂದೇ. ಯಾರ ಗುಂಡಿ?"

ಅವಳು ಮೆತ್ತನೆಯ ಪಟ್ಟಿಯ ಮೇಲೆ ಗೇಣು ಹಾಕಿದಳು. ಒಂದು ಗೇಣು, ಮೇಲೆ ಎರಡು ಬೆರಳು.

"ದಾರಿಯಣ್ಣನ ಟೈರು ಒಂದು ಗೇಣು ದಾಟಲ್ಲ, ಅಳೆದಿದ್ದೀನಿ. ಈಗ ನಿನ್ನ ಜೀಪಿನ ಟೈರು ಅಳೆದು ಬರ್ಲಾ, ಅಥವಾ ನೀನೇ ಹೇಳ್ತೀಯಾ?"

ಬಾಲಂಗೋಚಿ ಅಲ್ಲೇ ಕುಕ್ಕರಿಸಿದ. ಎತ್ತರದ ಆಳು, ಕೂತಾಗ ತೀರಾ ಸಣ್ಣವನಾಗಿ ಕಂಡ.

"ಮಂಜಿತ್ತು ಮೇಡಂ," ಎಂದ. "ವಾರಕ್ಕೊಂದ್ಸಲ ದಾರಿ ಪರೀಕ್ಷೆ ಮಾಡ್ತೀವಿ, ನಾವಿಬ್ರೇ. ಭಾವ ಮುಂದೆ, ನಾನು ಹಿಂದೆ. ಭಾವಂಗೆ ಕವಲು ಬಾಯಿಪಾಠ, ಫಲಕ ನೋಡೋ ಗೊಡವೆ ಇಲ್ಲ. ಕವಲಲ್ಲಿ ನನ್ನ ಲೈಟು ಕಂಡು ಬಲಕ್ಕೆ ಹೋಗ್ಬಿಟ್ರು. ನಂಗೆ ಅವರ ಗಾಡಿ ಕಾಣ್ಲಿಲ್ಲ, ಫಲಕ ಕಾಣ್ತು. ಹಸಿರು ಎಡಗಡೆ ಇತ್ತು, ಕೆಂಪು ಬಲಗಡೆ."

"ಅನುಮಾನ ಬರ್ಲಿಲ್ವಾ?"

"ಭಾವ ನೆಟ್ಟ ಕಂಬ ಮೇಡಂ! ನನ್ನ ಕಣ್ಣು ಸುಳ್ಳು ಹೇಳಿದ್ರೂ ಅದು ಹೇಳಲ್ಲ ಅಂದ್ಕೊಂಡೆ."

ಎಡಕ್ಕೆ ಬಂದವನು ಈ ಜೇಡಿಯಲ್ಲಿ ಹೂತುಕೊಂಡ. ಮುಂದಿನ ತಿರುವಿನಲ್ಲಿ ನಿಂತು ಕಾದ ದಾರಿಯಣ್ಣ, ಹಿಂದಿನ ಗಾಡಿ ಕಾಣದೆ ವಾಪಸು ಬಂದ. ಜಾಡು ನೋಡಿ ಒಳಗೆ ಬಂದ. ಬೈಯಲಿಲ್ಲ. ಗಾಡಿ ಎಳೆಯುವ ಪಟ್ಟಿ ಕಟ್ಟಿ ಬಾಲಂಗೋಚಿಯ ಜೀಪನ್ನು ಹಿಂದಕ್ಕೆ ಎಳೆದು ಗಟ್ಟಿ ನೆಲಕ್ಕೆ ತಂದ.

"ಪಟ್ಟಿ ಬಿಚ್ಚಿ ನಕ್ಕರು. 'ಇವತ್ತು ಬಾಲ ಮುಂದೆ ಹೋಗ್ಲಿ. ನೀನು ಕವಲಲ್ಲಿ ನಿಂತಿರು. ನಾನು ಈ ಗುಂಡಿ ಮುಚ್ಚಿ ಬರ್ತೀನಿ, ಗುರುತು ಉಳೀಬಾರದು,' ಅಂದ್ರು." ಅವನು ಮಣ್ಣಿನ ಮೇಲೆ ಅಂಗೈ ಸವರಿದ. "ನಾನು ಹೋಗಿ ನಿಂತೆ. ಸಲಿಕೆ ಸದ್ದು ಕೇಳ್ತಾ ಇತ್ತು. ಆಮೇಲೆ ಗಾಡಿ ತಿರುಗಿಸ್ಕೊಳ್ಳೋಕೆ ಸ್ಟಾರ್ಟ್ ಮಾಡಿದ್ರು. ಆಮೇಲೆ..."

ತನಿಖಾಧಿಕಾರಿ ಅವನ ಪಕ್ಕದಲ್ಲಿ ಕೂತಳು.

"ಜೀವಮಾನದಲ್ಲಿ ಮೊದಲನೇ ಸಲ ನಾನು ಮುಂದೆ ಇದ್ದೆ ಮೇಡಂ. ಹಿಂದಿನವರು ಕಾಣೋ ತನಕ ತಿರುವು ಬಿಡಬಾರದು. ಎಷ್ಟು ಹೊತ್ತು ನಿಂತಿದ್ದೆ ಅಂತ ನಂಗೇ ಗೊತ್ತಿಲ್ಲ. ಬಿದ್ದ ಸದ್ದು ಕೇಳಿಸಿಕೊಂಡೂ ನಿಂತೇ ಇದ್ದೆ. ಈಗ ಬರ್ತಾರೆ, ಈಗ ಬರ್ತಾರೆ ಅಂತ."

ಗಣಿಗೆ ಇಳಿದು ನೋಡಿದಾಗ ಉಸಿರು ನಿಂತಿತ್ತು ಎಂದ. ಮೇಲೆ ಬಂದು ತನ್ನ ಗಾಲಿಯ ಜಾಡನ್ನೆಲ್ಲ ಸೊಪ್ಪಿನಿಂದ ಗುಡಿಸಿದೆ ಎಂದ. ಕಂಬ ಎರಡನ್ನೂ ಕಿತ್ತು ಅವುಗಳ ಜಾಗದಲ್ಲಿ ನೆಟ್ಟೆ, ಹುಲ್ಲು ಕೂರಿಸಿದೆ, ನೀರು ಹಾಕಿದೆ ಎಂದ.

"ಇನ್ಯಾರಾದ್ರೂ ದಾರಿ ತಪ್ಪಿದ್ರೆ ಅಂತ."

ದಾರಿಯಣ್ಣ ತಪ್ಪು ಮಾಡಿಲ್ಲ ಎನ್ನಲು ಇದ್ದ ಸಾಕ್ಷಿ ಆ ತಪ್ಪು ಜಾಗದ ಕಂಬಗಳು ಮಾತ್ರ. ಅವನ ಶಿಷ್ಯ ಅವನು ಕಲಿಸಿದಂತೆಯೇ, ಒಂದು ಗುರುತೂ ಉಳಿಯದ ಹಾಗೆ ಅದನ್ನು ಅಳಿಸಿಹಾಕಿದ್ದ.

"ಪೊಲೀಸರಿಗೆ ಯಾಕೆ ಹೇಳ್ಲಿಲ್ಲ? ನಿನ್ನ ಭಾವನ ಮಾನ ಬೀದಿಗೆ ಬಿದ್ದಿದೆ. ನಿನ್ನ ಅಕ್ಕ ಅನ್ನ ಬಿಟ್ಟು ಕೂತಿದ್ದಾಳೆ."

"ಹೆದರಿದೆ."

"ಬರೀ ಹೆದರಿಕೆ ಅಲ್ಲ. ಬಾಯಲ್ಲಿ ಇನ್ನೇನೋ ಇಟ್ಕೊಂಡಿದ್ದೀಯ."

ಅವನ ಕೈ ಅಂಗಿಯ ಜೇಬಿಗೆ ಹೋಗಿ, ಟೈರಿನ ಮುಚ್ಚಳಗಳ ಮೇಲೆ ನಿಂತು, ಹಿಂದೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ. ತನಿಖಾಧಿಕಾರಿ ಕೈ ಚಾಚಿದಳು. ಅವನು ಮುಚ್ಚಳಗಳ ಜೊತೆಯಲ್ಲಿದ್ದ ಒಂದು ಸಣ್ಣ ಗಂಟನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

ಬೆಣೆಕಲ್ಲು. ಅದಕ್ಕೆ ಸುತ್ತಿದ ಕ್ಯಾನ್ವಾಸ್ ಪಟ್ಟಿ. ಅಂಚು ಮಡಿಸಿ ಎರಡು ಸಾಲು ಹೊಲಿಗೆ.

"ಎಡಗಡೆ ಹಸಿರು ಕಂಬ ಕಿತ್ತಾಗ ಬುಡದಲ್ಲಿ ಇದು ಸಿಕ್ತು," ಎಂದ ಅವನು, ನೆಲ ನೋಡುತ್ತ. "ಅಕ್ಕಂಗೆ ಹೇಳ್ಬೇಡಿ ಮೇಡಂ, ನಂಗೆ ಗೊತ್ತು ಅಂತ."

ಬೆಳಿಗ್ಗೆ ಕೇಳಿದ ಮಾತು ಈಗ ತನಿಖಾಧಿಕಾರಿಗೆ ಸರಿಯಾಗಿ ಕೇಳಿಸಿತು. ತಲೆ ನೋಡ್ಬೇಡಿ, ಬುಡ ನೋಡಿ. ಎಲ್ಲಿ ನೋಡಬೇಕೆಂದು ಗೊತ್ತಿದ್ದವಳ ಮಾತು ಅದು. ಹೇಳಲೂ ಆರದೆ, ಮುಚ್ಚಿಡಲೂ ಆರದೆ, ಬೇರೆಯವರ ಕೈಯಿಂದ ಅಗೆಸಲು ಹೊರಟವಳ ಮಾತು.

"ಕೊಟ್ಬಿಡಿ ಮೇಡಂ. ಅದು ನಂದೇ."

ಇಬ್ಬರೂ ತಿರುಗಿದರು. ಕವಲಿನ ಕಡೆಯಿಂದ ದಾರಿಯಣ್ಣನ ಹೆಂಡತಿ ನಡೆದು ಬರುತ್ತಿದ್ದಳು. ಸೊಂಟಕ್ಕೆ ಹೊಲಿಗೆಯ ಮೇಲುಡಿಗೆ ಇನ್ನೂ ಕಟ್ಟಿಯೇ ಇತ್ತು, ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿತ್ತು. ಬಸ್ಸಿಳಿದು ಗೇಟಿನಿಂದ ನಡೆದೇ ಬಂದಿದ್ದಳು.

"ಅಲ್ಲ, ಅದು ನಾನಿಟ್ಟಿದ್ದು," ಬಾಲಂಗೋಚಿ ಎದ್ದು ನಿಂತ. "ನಾನೇ ಬದಲಾಯಿಸಿದ್ದು. ಅಕ್ಕ, ನೀನು ಮನೆಗೆ ಹೋಗು."

"ನಿನ್ನ ಮುಖಕ್ಕೆ ಸೂಜಿಗೆ ದಾರ ಪೋಣಿಸೋಕೆ ಬರಲ್ಲ, ಎರಡು ಸಾಲು ಹೊಲಿಗೆ ಹಾಕಿದ್ನಂತೆ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹತ್ತಿರ ಬಂದು ತಮ್ಮನ ತಲೆಯ ಮೇಲೆ ಕೈಯಿಟ್ಟಳು. "ನೀನೂ ಇದ್ಯಾ ಅವತ್ತು? ಜ್ವರ ಅಂದಿದ್ದೆ."

ಅವನು ಚಿಕ್ಕ ಮಗುವಿನ ಹಾಗೆ ಬಿಕ್ಕಿದ. ಅವಳು ಅಳಲಿಲ್ಲ. ತಮ್ಮನ ತಲೆ ಸವರುತ್ತಲೇ ತನಿಖಾಧಿಕಾರಿಗೆ ಹೇಳಿದಳು.

"ಹಿಂದಿನ ಸಂಜೆ ಬಂದು ನೆಟ್ಟೆ. ಡಾಕ್ಟ್ರ ಮಾತು ಕೇಳ್ಲಿಲ್ಲ ಅವರು, ನನ್ನ ಮಾತೂ ಕೇಳ್ಲಿಲ್ಲ. ಅವರ ರೂಲನ್ನಾದ್ರೂ ಕೇಳ್ತಾರೆ ಅಂದ್ಕೊಂಡೆ. ಹಸಿರು ಕಂಬ ಕಿತ್ತು ಎಡಗಡೆ ಕೆಂಪು ಕಂಬದ ಪಕ್ಕದಲ್ಲೇ ನೆಟ್ಟೆ. ಎರಡೂ ಒಂದೇ ಕಡೆ ಇದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ಅನುಮಾನ ಬಂದ್ರೆ ಅವತ್ತು ಓಟ ಇಲ್ಲ. ವಾಪಸ್ ಮನೆಗೆ ಬರ್ತಾರೆ, ಎರಡು ದಿನ ಯಾರು ಮಾಡಿದ್ದು ಅಂತ ಬೈಕೊಂಡು ಮಲಗಿರ್ತಾರೆ ಅಂತ." ಅವಳು ಕುಸಿದ ಅಂಚಿನತ್ತ ನೋಡಿದಳು. "ಬಿಸಿನೀರು ಕಾಯಿಸಿಟ್ಟಿದ್ದೆ."

ಸತ್ತವನ ಹೆಸರು ಉಳಿಯಬೇಕಾದರೆ ಬದುಕಿದ ಇವರಿಬ್ಬರ ಹೆಸರೂ ವರದಿಯಲ್ಲಿ ಬರಬೇಕು. ಅವಳು ಕೇಳಿದ್ದ ಒಂದೇ ಮಾತು ಕಾಗದಕ್ಕೆ ಬರಲು ಅದೊಂದೇ ದಾರಿ. ಅಷ್ಟು ಯೋಚಿಸುವಷ್ಟರಲ್ಲಿ ತನಿಖಾಧಿಕಾರಿಯ ಮನಸ್ಸು ಒಂದು ಮಾತಿನಲ್ಲಿ ಎಡವಿತು.

"ಕೆಂಪು ಕಂಬದ ಪಕ್ಕದಲ್ಲಿ ಅಂದ್ರಾ? ಎಡಗಡೆ, ಎರಡೂ ಒಟ್ಟಿಗೆ?"

"ಹೌದು. ಕೆಂಪು ಕಂಬ ನಾನು ಮುಟ್ಟೇ ಇಲ್ಲ."

ಬಾಲಂಗೋಚಿಯ ಬಿಕ್ಕು ನಿಂತಿತು. ಅವನು ಮೆಲ್ಲನೆ ತಲೆ ಎತ್ತಿದ.

"ಅಕ್ಕ, ನಾನು ಬಂದಾಗ ಕೆಂಪು ಕಂಬ ಬಲಗಡೆ ಇತ್ತು."

"ಅದನ್ನ ಕಿತ್ತಾಗ ಬುಡ ಹೇಗಿತ್ತು?" ತನಿಖಾಧಿಕಾರಿ ಅವನ ತೋಳು ಹಿಡಿದಳು. "ನೆನಪು ಮಾಡ್ಕೋ."

"ಬೆಣೆ ಇರ್ಲಿಲ್ಲ. ಹುಲ್ಲು ಬುಡಮೇಲಾಗಿತ್ತು. ಬೂಟುಗಾಲಲ್ಲಿ ತುಳಿದು ಹೋಗಿದ್ರು." ಅವನು ಅಕ್ಕನನ್ನು ನೋಡಿದ. "ನಮ್ಮವರು ಯಾರೂ ಹಾಗೆ ನೆಡಲ್ಲ. ಅವತ್ತು ನನ್ನ ತಲೆಗೇ ಹೋಗ್ಲಿಲ್ಲ."

ಆಗ ಗೇಟಿನ ಕಡೆಯಿಂದ ಒಂದು ಗಾಡಿ ಏರಿ ಬರುವ ಸದ್ದು ಕೇಳಿಸಿತು. ಕಲ್ಲಿನ ಮೇಲೆ ತಗಡು ಬಡಿದ ಹಾಗೆ. ಗಾಳಿ ಇಳಿಸದ ಟೈರುಗಳು, ನೆಲವನ್ನು ಕೆರೆಯುತ್ತ.

"ಅರಣ್ಯಾಧಿಕಾರಿ," ಎಂದಳು ತನಿಖಾಧಿಕಾರಿ. "ಜಾಗ ನೋಡಿ ಸಹಿ ಹಾಕ್ತೀನಿ ಅಂದಿದ್ರು."

ಬಾಲಂಗೋಚಿಯ ಮುಖದ ಬಣ್ಣ ಇಳಿದಿತ್ತು. ಅವನು ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ಅವತ್ತು ಬೆಳಿಗ್ಗೆ ನಾವು ಗೇಟಿನ ಹತ್ರ ಗಾಳಿ ಇಳಿಸ್ತಾ ಇದ್ದಾಗ," ಎಂದ, "ಮೇಲೆ ಕವಲಿನ ಕಡೆಯಿಂದ ಇದೇ ಸದ್ದು ಕೇಳಿಸಿತ್ತು."